ಶುಕ್ರವಾರದ ಏಣಿ

ಈ ಬೆಳಿಗ್ಗೆ ಸುಣ್ಣ ಬಳಿಯುವವನು ನಮ್ಮ ಮನೆಯ ಗೋಡೆಗೆ ಏಣಿ ಒರಗಿಸಿದ ಕೂಡಲೇ ನಾನು ಬಗ್ಗಿ, ಅದರ ಕಾಲ ಬುಡದ ನೆಲವನ್ನು ಬೆರಳಿನಿಂದ ಉಜ್ಜಿ ಮೂಸಿದೆ. "ಯಾಕಮ್ಮ, ನೆಲ ಮೂಸ್ತೀರಿ?" ಎಂದ. ಕಾರಣ ಹೇಳಿದ್ದರೆ ಅವನು ಏಣಿ ಹತ್ತುತ್ತಿರಲಿಲ್ಲ. ನಿಮಗಾದರೆ ಹೇಳಬಹುದು, ನೀವು ಕೂತು ಓದುತ್ತಿದ್ದೀರಿ.

ಬಹಳ ವರ್ಷಗಳ ಹಿಂದಿನ ಮಾತು. ಆಗ ನಾವು ಚಾಮರಾಜಪುರದಲ್ಲಿದ್ದೆವು. ತಂಗಿ ನಾಗುವಿಗೆ ಹೈಸ್ಕೂಲಿನ ಕೊನೆಯ ವರ್ಷ. ಅವಳಿಗೆ ಬೇಕಾಗಿದ್ದುದು ಅಪ್ಲೈಡ್ ಮ್ಯಾಥಮ್ಯಾಟಿಕ್ಸ್, ಅಂದರೆ ತೂಕ, ಬಲ, ಜಾರುವಿಕೆಗಳ ಗಣಿತ. ಶಾಲೆಯಲ್ಲಿ ಅದನ್ನು ಹೇಳಿಕೊಡುವವರೇ ಇರಲಿಲ್ಲ. ಮನೆಯವರು ಒಪ್ಪಿದರೆ ತಾನೇ ಓದಿಕೊಂಡು ಪರೀಕ್ಷೆಗೆ ಕೂರಬಹುದೆಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದರು. ಅಪ್ಪ ಕಡಕೊಳದಿಂದ ಬಂದು ಬೆಲ್ಲದ ಮಂಡಿ ಇಟ್ಟವರು. ಮುಟ್ಟಿ ನೋಡದ ಸರಕನ್ನು ಕೊಂಡವರಲ್ಲ.

"ಹೇಳ್ಕೊಡೋರಿಲ್ದೆ ಕಲ್ತಿದ್ದು ಸರಿ ಅಂತ ನಂಗೆಂಗೆ ಗೊತ್ತಾಗ್ಬೇಕು? ಮಾಡಿ ತೋರ್ಸು. ಇಲ್ದಿದ್ರೆ ಗೃಹವಿಜ್ಞಾನ ತಗೊಂಬುಡು."

ನಾಗು ಏಣಿಯ ಲೆಕ್ಕವನ್ನು ಆರಿಸಿಕೊಂಡಳು. ನುಣುಪಾದ ಗೋಡೆ, ಒರಟಾದ ನೆಲ, ಹತ್ತುತ್ತಿರುವ ಒಬ್ಬ ಮನುಷ್ಯ. ಏಣಿ ಜಾರುವುದೋ ಇಲ್ಲವೋ? ಹೇಗೂ ಹಬ್ಬಕ್ಕೆ ಅಟ್ಟದಿಂದ ಹಿತ್ತಾಳೆ ಕೊಳಗ ಇಳಿಸಬೇಕಿತ್ತು. ಮನುಷ್ಯ ಅಪ್ಪನೇ. ಮಂಡಿಯ ತಕ್ಕಡಿಯಲ್ಲಿ ಅವರನ್ನು ಕೂರಿಸಿ ಬೆಲ್ಲದ ಅಚ್ಚುಗಳ ಎದುರು ತೂಗಿಸಿದಳು. ಅಷ್ಟೊಂದು ಬೆಲ್ಲವಾದದ್ದಕ್ಕೆ ಅಪ್ಪನಿಗೆ ಒಳಗೊಳಗೇ ಹೆಮ್ಮೆ. ಗುರುವಾರ ಮಣೆಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಡುಮನೆಯ ತುಂಬ ಎಳೆದಾಡಿ, ನೆಲ ಎಷ್ಟು ತಡೆಯುತ್ತದೆಂದು ಅಳೆದಳು. ಅಪ್ಪ ತುದಿಯವರೆಗೆ ಹತ್ತಿದರೂ ಏಣಿ ಜಾರದೆಂದು ಅವಳ ಲೆಕ್ಕ ಹೇಳಿತು. ನಾನು ಇತಿಹಾಸದಲ್ಲಿ ಬಿ.ಎ. ಮಾಡಿ ಮನೆಯಲ್ಲಿದ್ದೆ. ಏಣಿಯ ಬಗ್ಗೆ ನನಗೆ ಗೊತ್ತಿದ್ದದ್ದು ಅದನ್ನು ಕೋಟೆಗಳಿಗೆ ಹಾಕುತ್ತಿದ್ದರು ಎಂಬುದಷ್ಟೆ.

ಶುಕ್ರವಾರ ಅಪ್ಪ ಪಂಚೆ ಎತ್ತಿಕಟ್ಟಿ ಹತ್ತಿದರು. ಕೈ ಅಟ್ಟಕ್ಕೆ ಎಟುಕುವ ಹೊತ್ತಿಗೆ ಏಣಿಯ ಕಾಲು ಮೆಲ್ಲಗೆ, ಯಾರೋ ಕರೆದರೆಂಬಂತೆ, ಹೊರಟಿತು. ಆಮೇಲೆ ಏಣಿ ಧಡಾರನೆ ಬಿತ್ತು. ಅಪ್ಪ ತೊಲೆ ಹಿಡಿದು ನೇತಾಡುತ್ತಿದ್ದರು. ಅವರ ಪಾದಗಳ ನೇರ ಕೆಳಗೆ ಒರಳುಕಲ್ಲು. ಈಗಲೂ ಕಣ್ಣು ಮುಚ್ಚಿದರೆ ಆ ಪಾದ, ಆ ಕಲ್ಲು. ನಾನೋ, ಕೈಯಲ್ಲಿದ್ದ ಕಾಫಿ ಲೋಟವನ್ನು ಎಲ್ಲಿಡುವುದೆಂದು ಹುಡುಕುತ್ತಿದ್ದೆ.

"ಅಪ್ಪ, ಯಾವ ಮೆಟ್ಲಲ್ಲಿದ್ರಿ?" ಎಂದಳು ನಾಗು.

"ಮೊದ್ಲು ಏಣಿ ತಾರೇ. ಬದುಕಿದ್ರೆ ಹೇಳ್ತೀನಿ."

ಅಮ್ಮ ಹಿತ್ತಲಿಂದ ಓಡಿಬಂದು ಏಣಿ ಎತ್ತಿ ಕೊಟ್ಟು, ಅದನ್ನು ತಬ್ಬಿ ನಿಂತಳು. ಅಪ್ಪ ಇಳಿದು ಗೋಡೆಗೊರಗಿ ಕೂತು, "ಗೃಹವಿಜ್ಞಾನ" ಎಂದರು.

ನಾಗು ನೆಲ ಉಜ್ಜಿ ಮೂಸುತ್ತಿದ್ದಳು. "ಅಮ್ಮ, ಕೊಬ್ಬರಿ ಎಣ್ಣೆ ಹಾಕ್ದ್ಯಾ?"

"ಶುಕ್ರವಾರ ಕಣೇ. ಕೆಂಪು ನೆಲಕ್ಕೆ ಎಣ್ಣೆ ಸವರ್ದಿದ್ರೆ ಹೊಳೀತದಾ?"

ನಾಗು ಸೀಗೆಪುಡಿ ಹಾಕಿ ನೆಲ ತಿಕ್ಕಿದಳು, ಒಣಗಿಸಿದಳು, ಮತ್ತೆ ಮಣೆ ಎಳೆದು ಅಳೆದಳು. ಏಣಿ ಒರಗಿಸಿ, "ಈ ಸಲ ನಾನೇ ಹತ್ತೀನಿ" ಎಂದಳು.

ಅಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿದರು. ವ್ಯಾಪಾರಿಯ ನೋಟ. "ತೂಕ ಕಮ್ಮಿ. ನಾನೇ ಹತ್ಬೇಕು."

ನನ್ನ ಕೈ ತಾನಾಗಿ ಏಣಿಯತ್ತ ಹೋಯಿತು. "ಅಕ್ಕ, ಹಿಡೀಬೇಡ. ಹಿಡಿದ್ರೆ ಲೆಕ್ಕ ಕೆಡ್ತದೆ." ಕೈ ಹಿಂದಕ್ಕೆ ಕಟ್ಟಿ ನಿಂತೆ. ಅಪ್ಪ ಒಂದೊಂದೇ ಮೆಟ್ಟಿಲು ಹತ್ತಿದರು. ಏಣಿ ಅಲ್ಲಾಡಲಿಲ್ಲ. ಅಟ್ಟದೊಳಗಿಂದ ಅವರ ದನಿ ಬಂತು: "ಪರೀಕ್ಷೆಗೆ ಕೂತ್ಕೊ. ಈಗ ಕೊಳಗ ಹಿಡ್ಕೊ."

"ಕೈ ಕಟ್ಕೊಂಡು ನಿಂತಿದ್ದೀರಲ್ಲಮ್ಮ, ವಸಿ ಹಿಡ್ಕೊಳಿ" ಎಂದ ಈ ಬೆಳಿಗ್ಗೆಯ ಸುಣ್ಣದವನು, ಏಣಿಯ ಮೇಲಿನಿಂದ. ನೋಡಿಕೊಂಡೆ; ನಿಜ, ಕೈ ಬೆನ್ನ ಹಿಂದೆಯೇ ಇತ್ತು. ಲೆಕ್ಕ ಕೆಟ್ಟರೆ ಕೆಡಲಿ ಎಂದು ಎರಡೂ ಕೈಯಲ್ಲಿ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.