ಇಟಲಿಯ ಕಾರಿಗೊಂದು ದತ್ತು ಇಂಜಿನ್ನು

ಬಾನೆಟ್ ತೆರೆದುಕೊಂಡು ರಸ್ತೆಬದಿಯಲ್ಲಿ ನಿಂತ ಕಾರನ್ನು ಕಂಡೂ ಸುಮ್ಮನೆ ಮುಂದೆ ಹೋದ ಗಂಡಸನ್ನು ನಾನು ಇದುವರೆಗೆ ನೋಡಿಲ್ಲ. ಅವನು ತರಕಾರಿ ಚೀಲ ಹಿಡಿದಿರಲಿ, ಮದುವೆಯ ಮುಹೂರ್ತಕ್ಕೆ ಹೊರಟಿರಲಿ, ಹುಟ್ಟಿದಾರಭ್ಯ ಸೈಕಲ್ಲಿನ ಚೈನನ್ನೂ ಮುಟ್ಟದ ಸಾತ್ವಿಕನಾಗಿರಲಿ, ಒಂದು ಗಳಿಗೆ ನಿಂತು, ಕೈ ಬೆನ್ನಿಗೆ ಕಟ್ಟಿ, ಬಗ್ಗಿ, ಒಳಗಿನ ಕೊಳವೆ ತಂತಿಗಳ ಗೋಜಲನ್ನು ಗಂಭೀರವಾಗಿ ಅವಲೋಕಿಸಿ, ಪೆಟ್ರೋಲು ಬರುತ್ತಿಲ್ಲವೇ ಎಂದು ವಿಚಾರಿಸಿಯೇ ಮುಂದಿನ ಹೆಜ್ಜೆ ಇಡುತ್ತಾನೆ. ವಿಚಾರಿಸಿದ ಮೇಲೆ ಅವನ ಕರ್ತವ್ಯ ಮುಗಿಯಿತು. ಉತ್ತರ ಕೇಳಲು ಅವನು ನಿಲ್ಲುವುದಿಲ್ಲ.

ನಾನೂ ಈ ಸಂಪ್ರದಾಯಕ್ಕೆ ಸೇರಿದವನೇ. ತೀರ್ಥಹಳ್ಳಿಯ ಕೋರ್ಟಿನಲ್ಲಿ ಗಡಿ, ಪಾಲು, ದತ್ತಕ ಎಂದು ವಾದಿಸುತ್ತ ತಲೆಗೂದಲು ಕಳೆದುಕೊಂಡ ವಕೀಲ ನಾನು. ಕಾನೂನಿನ ಬಗ್ಗೆ ನನ್ನ ಕಕ್ಷಿದಾರರಿಗೆ ಎಷ್ಟು ತಿಳಿದಿದೆಯೋ ಇಂಜಿನ್ನಿನ ಬಗ್ಗೆ ನನಗೂ ಅಷ್ಟೇ ತಿಳಿದಿದೆ. ಅಂದರೆ ಜ್ಞಾನ ಶೂನ್ಯ, ಆತ್ಮವಿಶ್ವಾಸ ಪೂರ್ಣ. ಕಾರು ಓಡಿಸಲಂತೂ ಬರುವುದೇ ಇಲ್ಲ. ಹೀಗಿದ್ದೂ ಈಚಿನ ವರ್ಷಗಳಲ್ಲಿ ನನ್ನ ರಜೆಗಳೆಲ್ಲ ಹೊಸನಗರದಲ್ಲಿ, ಧರಣೇಂದ್ರ ಭಾವನ ಕಾರಿನ ಬಾನೆಟ್ಟಿನೊಳಗೆ ಟಾರ್ಚು ಹಿಡಿದು ನಿಲ್ಲುವುದರಲ್ಲಿ ಸವೆದವು. ಟಾರ್ಚು ಹಿಡಿಯುವುದೂ ಒಂದು ವಿದ್ಯೆಯೇ. ಬೆಳಕು ಬೇಕಾದಲ್ಲಿ ನನ್ನ ಕೈ ಇರುತ್ತಿರಲಿಲ್ಲ, ಕೈ ಇದ್ದಲ್ಲಿ ಭಾವನಿಗೆ ಏನೂ ಬೇಕಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕ ವಿಮಲಳ ಗಂಡ. ಹೊಸನಗರದಲ್ಲಿ ಅಕ್ಕಿ ಗಿರಣಿ ನಡೆಸಿದವರು, ಕಾಲ ಬಂದಾಗ ಮುಚ್ಚಿದವರು. ಯಂತ್ರಗಳು ಹೋದ ಮೇಲೆ ಖಾಲಿಯಾದ ಗಿರಣಿಯ ಶೆಡ್ಡಿನಲ್ಲಿ ಉಳಿದದ್ದು ಭಾರ ಎತ್ತುವ ಸರಪಳಿ, ತೌಡಿನ ವಾಸನೆ, ಮತ್ತು ಕಾರು. ಈ ಕಾರು ಇಟಲಿಯದ್ದು. ಊರು ಬಿಟ್ಟು ಸ್ವದೇಶಕ್ಕೆ ಹೊರಟಿದ್ದ ಒಬ್ಬ ಇಟಲಿಯ ಇಂಜಿನಿಯರನಿಂದ ಭಾವನ ತಂದೆ ಬೊಂಬಾಯಿಯಲ್ಲಿ ಕೊಂಡು ತಂದದ್ದು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮುಂದೆ ಇಬ್ಬರಿಗೆ ರಾಜಾಸನ, ಹಿಂದೆ ಇನ್ನಿಬ್ಬರಿಗೆ ಜಾಗವಿದೆಯೆಂಬ ವದಂತಿ. ಇಟಲಿಯಲ್ಲಿ ಇದನ್ನು ಮಾಡಿದವರು ಮಲೆನಾಡಿನ ರಸ್ತೆಯನ್ನಾಗಲಿ, ಕುಟುಂಬದ ಗಾತ್ರವನ್ನಾಗಲಿ ಕಲ್ಪಿಸಿಕೊಂಡವರಲ್ಲ.

ಈ ಕಾರಿನಲ್ಲಿ ನನ್ನ ಅಕ್ಕ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೂತಿರಲಿಲ್ಲ. ಕಾರಣ ನಮ್ಮ ಬಂಧುವರ್ಗದಲ್ಲಿ ಜಗಜ್ಜಾಹೀರು. ಮದುವೆಯಾದ ಹೊಸತರಲ್ಲಿ ದಂಪತಿಗಳು ಘಟ್ಟದ ಕೆಳಗಿನ ನೆಂಟರ ಮನೆಗೆ ಮದುಮಕ್ಕಳ ಊಟಕ್ಕೆ ಹೋಗಿ ಹಿಂದಿರುಗುವಾಗ, ಹುಲಿಕಲ್ ಘಾಟಿಯ ಒಂದು ತಿರುವಿನಲ್ಲಿ ಕಾರು ಕುದ್ದು, ಹೊಗೆಯಾಡಿ, ನಿಂತೇಬಿಟ್ಟಿತು. ಮುಂಗಾರು ಹಿಡಿದಿತ್ತು. ಬಹಳ ಹೊತ್ತಿನ ಮೇಲೆ ಬಂದದ್ದು ಒಂದೇ ವಾಹನ, ಅದೂ ಶಿವಮೊಗ್ಗಕ್ಕೆ ಮೀನು ಹೊತ್ತು ಹೊರಟ ಲಾರಿ. ಭಾವ ಹೆಂಡತಿಯನ್ನು ಅದಕ್ಕೆ ಹತ್ತಿಸಿ ಕಳಿಸಿದರು. ನಾವು ಜೈನರು, ನೀರನ್ನೂ ಸೋಸಿ ಕುಡಿಯುವ ಮನೆಯ ಹೊಸ ಸೊಸೆ, ಧಾರೆ ಸೀರೆಯುಟ್ಟು, ಬಂಗುಡೆಯ ಪರಿಮಳದೊಂದಿಗೆ ಅತ್ತೆಯ ಮನೆಯಂಗಳದಲ್ಲಿ ಇಳಿದಳು. ಅತ್ತೆ ಹೊಸ್ತಿಲೊಳಗೆ ಬಿಡದೆ ಹಿತ್ತಲ ಬಚ್ಚಲಿಗೆ ಕಳಿಸಿದರಂತೆ. ಎಷ್ಟು ಒಗೆದರೂ ವಾಸನೆ ಹೋಗದ ಸೀರೆಯನ್ನು ಕೊನೆಗೆ ಯಾರಿಗೋ ಕೊಟ್ಟದ್ದಾಯಿತು. ಮಾರನೆಯ ದಿನ ಅಕ್ಕ ಬಸದಿಗೆ ಹೋಗಿ, ಆ ಕಾರಿನಲ್ಲಿ ಇನ್ನು ಕೂರುವುದಿಲ್ಲವೆಂದು ದೇವರ ಮುಂದೆ ನಿಯಮ ಹಿಡಿದು ಬಂದಳು. ನಿಯಮ ಹಿಡಿಯುವುದು ನಮ್ಮಲ್ಲಿ ಹೊಸತೇನಲ್ಲ. ಒಬ್ಬರು ಆಲೂಗಡ್ಡೆ ಬಿಡುತ್ತಾರೆ, ಒಬ್ಬರು ಸೂರ್ಯ ಮುಳುಗಿದ ಮೇಲೆ ಊಟ ಬಿಡುತ್ತಾರೆ. ಭಾವ ಕಾರು ಬಿಟ್ಟುಕೊಂಡು ಹೋದರು, ಅಕ್ಕ ಕಾರನ್ನೇ ಬಿಟ್ಟಳು.

ಅಲ್ಲಿಂದ ಮುಂದೆ ಒಂದೇ ಮದುವೆಗೆ ಗಂಡ ಕಾರಿನಲ್ಲೂ ಹೆಂಡತಿ ಬಸ್ಸಿನಲ್ಲೂ ಹೊರಡುವ ವಿಚಿತ್ರ ದಾಂಪತ್ಯ ಆರಂಭವಾಯಿತು. ಹೆಚ್ಚಿನ ಸಲ ಬಸ್ಸೇ ಮೊದಲು ತಲುಪುತ್ತಿತ್ತು. ಅಕ್ಕ ಕೋಸಂಬರಿ ತಿನ್ನುವ ಹೊತ್ತಿಗೆ ಭಾವ ಮಸಿ ಮೆತ್ತಿದ ಕೈ ತೊಳೆಯಲು ಸೋಪು ಕೇಳುತ್ತ ಬರುತ್ತಿದ್ದರು. ಮನೆಯಲ್ಲಿ ಜಗಳವೇನೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿಯೇ ನೋಡಿಕೊಂಡರು. ಮೀನಿನ ಲಾರಿಯ ಕಥೆಯನ್ನು ಪಂಕ್ತಿಯಲ್ಲಿ ಕೂತು ಹೇಳುವ ಅಧಿಕಾರ ಮಾತ್ರ ಹೇಗೋ ನನ್ನ ಪಾಲಿಗೆ ಬಂತು. ನಾನು ಅದಕ್ಕೆ ವರ್ಷಕ್ಕಿಷ್ಟು ಉಪ್ಪು ಖಾರ ಸೇರಿಸಿದೆ. ಅಕ್ಕನೂ ನಗುತ್ತಿದ್ದಳು.

ಈಗ ಅಕ್ಕನಿಗೆ ಮಂಡಿ ನೋವು. ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಅರೆಗಳಿಗೆ ನಿಲ್ಲುತ್ತಾಳೆ. ಬೇರೆ ಕಾರು ಕೊಳ್ಳಿ ಭಾವ ಎಂದು ನಾನೇ ಹೇಳಿದೆ. ಅವರು ಒಪ್ಪಲಿಲ್ಲ. ಅವರಿಗೆ ಬೇಕಿದ್ದದ್ದು ಅಕ್ಕ ಕಾರಿನಲ್ಲಿ ಕೂರುವುದಲ್ಲ, ಆ ಕಾರಿನಲ್ಲಿ ಕೂರುವುದು. ತಾವು ಕಣ್ಣುಮುಚ್ಚುವ ಮೊದಲು ಅವಳು ಒಂದು ಸಲ ಅದರಲ್ಲಿ ಪಕ್ಕಕ್ಕೆ ಕೂತು ಘಾಟಿ ಹತ್ತಬೇಕು, ಇನ್ನೇನೂ ಬೇಡ ಎಂದು ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ನನ್ನ ಮುಖ ನೋಡದೆ ಹೇಳಿದರು. ಘಾಟಿಯಲ್ಲಿ ಕೈಕೊಟ್ಟದ್ದು ಇಂಜಿನ್ನು. ಆದ್ದರಿಂದ ಎಂದೂ ಕೈಕೊಡದ ಹೊಸ ಕಾಲದ ಇಂಜಿನ್ನು ಕೂರಿಸಿದರೆ ಹೆಂಡತಿಯೂ ಕೂರುತ್ತಾಳೆ ಎಂಬುದು ಅವರ ಸಿದ್ಧಾಂತ. ಗಣಿತದಲ್ಲಿ ಇದು ಸರಿಯಿರಬಹುದು.

ಶಿವಮೊಗ್ಗದ ಗುಜರಿಯಲ್ಲಿ, ಹಿಂಭಾಗ ನಜ್ಜುಗುಜ್ಜಾದ ಈಚಿನ ಕಾರೊಂದರ ಇಂಜಿನ್ನು ಸಿಕ್ಕಿತು. ಅದನ್ನು ಬಿಚ್ಚಿ ದುರಸ್ತಿ ಮಾಡಿಕೊಡಲು ಅಲ್ಲಿನ ಮೆಕ್ಯಾನಿಕ್ ದೀಪಾವಳಿಯವರೆಗೆ ಗಡುವು ಕೇಳಿದ. ಅಷ್ಟು ದಿನ ಕೈಕಟ್ಟಿ ಕೂರುವ ಜಾಯಮಾನ ಭಾವನದಲ್ಲ. ಹಳೆಯ ಇಂಜಿನ್ನನ್ನು ಸರಪಳಿಯಿಂದ ಎತ್ತಿ ಹೊರಗಿಟ್ಟಾಗಿತ್ತು. ಹೊಸದನ್ನು ಹೊರುವ ಕಬ್ಬಿಣದ ಕಾಲುಗಳನ್ನು ಈಗಲೇ ಬೆಸುಗೆ ಹಾಕಿಸಿಟ್ಟರೆ, ಬಂದ ದಿನವೇ ಕೂರಿಸಬಹುದಲ್ಲ? ಹಾಗಾದರೆ ಅಳತೆಗೆ ಇಂಜಿನ್ನಿನಂಥದ್ದೇ ಒಂದು ಆಕೃತಿ ಬೇಕು. ಬೇರೆ ಊರಿನವರಾಗಿದ್ದರೆ ರಟ್ಟಿನಲ್ಲಿ ಮಾಡಿಕೊಳ್ಳುತ್ತಿದ್ದರೇನೋ. ನಾವು ಹೇಳಿ ಕೇಳಿ ಈ ಕಡೆಯವರು, ಸಾಗರಕ್ಕೆ ಹೋದೆವು.

ಸಾಗರದಲ್ಲಿ ಗುಡಿಗಾರರಿದ್ದಾರೆ. ಮರದಲ್ಲಿ ಬೇಲೂರಿನ ಶಿಲಾಬಾಲಿಕೆಯಿಂದ ಹಿಡಿದು ಮಂತ್ರಿಗಳಿಗೆ ಕೊಡುವ ಆನೆಯವರೆಗೆ ಎಲ್ಲವನ್ನೂ ಕೆತ್ತುವ ಕುಶಲರು. ಅವರಲ್ಲೊಬ್ಬರಾದ ಮಂಜಣ್ಣ ಭಾವನ ಹಳೆಯ ಸ್ನೇಹಿತರು. ಇಂಜಿನ್ನು ಕೆತ್ತಬೇಕೆಂದಾಗ ಅವರು ಮುಖದಲ್ಲಿ ಯಾವ ವಿಕಾರವನ್ನೂ ತೋರದೆ, ಶಿವಮೊಗ್ಗಕ್ಕೆ ಹೋಗಿ ಮೂರ್ತಿಯ ದರ್ಶನ ಮಾಡಿ, ಅಂಗಾಂಗಗಳ ಅಳತೆ ತೆಗೆದುಕೊಂಡು, ಬೇಸಿಗೆಯ ಬಿಸಿಲಿನಲ್ಲಿ ಒಣಗಿದ ಮಾವಿನ ಹಲಗೆಗಳನ್ನು ಜೋಡಿಸಿ ಕೆಲಸಕ್ಕೆ ಕೂತರು. ಮಳೆಗಾಲಕ್ಕೆ ಮೊದಲೇ ಬಂತು ದಾರು ಇಂಜಿನ್ನು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ನಾಲ್ಕೂ ಬದಿಗೆ ಬಳ್ಳಿ ಹಬ್ಬಿತ್ತು, ಎಣ್ಣೆ ಹೊಯ್ಯುವ ಮುಚ್ಚಳದ ಮೇಲೆ ಅರಳಿದ ಕಮಲವಿತ್ತು, ಬೆಲ್ಟು ತಿರುಗುವ ಮುಂಬದಿಯಲ್ಲಿ ಒಂದು ಸಿಂಹ ನಾಲಿಗೆ ಚಾಚಿತ್ತು. ಯಾಕೆ ಮಂಜಣ್ಣ ಇದೆಲ್ಲ ಎಂದರೆ, ಬೋಳು ಬಿಟ್ಟರೆ ತಮ್ಮ ಮನೆಯಿಂದ ಹೊರಟ ವಸ್ತು ಅಂತ ಹೇಳಲು ನಾಚಿಕೆಯಲ್ಲವೇ ಎಂದು ನಮ್ಮನ್ನೇ ಕೇಳಿದರು.

ಆ ವರ್ಷ ಮಳೆ ಜೋರು. ಡಬ್ಬಿಯ ಉಪ್ಪು ನೀರಾಯಿತು, ನನ್ನ ಕೋಟಿಗೆ ಬೂಷ್ಟು ಬಂತು, ಬೀರುವಿನ ಬಾಗಿಲು ಹಿಗ್ಗಿ ತೆರೆಯದಾಯಿತು. ಶ್ರಾವಣದಲ್ಲೊಂದು ಒಳ್ಳೆಯ ದಿನ ನೋಡಿ ಮರದ ಇಂಜಿನ್ನನ್ನು ಕಾರಿನೊಳಗೆ ಇಳಿಸಿ, ಅದಕ್ಕೆ ಬಿಗಿಯಾಗಿ ಹೊಂದುವಂತೆ ಕಬ್ಬಿಣದ ಕಾಲುಗಳನ್ನು ಬೆಸೆದರು. ಟಾರ್ಚು ನಾನೇ ಹಿಡಿದಿದ್ದೆ. ದೀಪಾವಳಿ ಕಳೆದು ನಿಜವಾದ ಇಂಜಿನ್ನು ಬಂದಾಗ, ಅದು ಆ ಕಾಲುಗಳ ನಡುವೆ ಅಣ್ಣನ ಅಂಗಿ ತೊಟ್ಟ ತಮ್ಮನ ಹಾಗೆ ಲೊಡಲೊಡ ಆಡಿತು. ಅರ್ಧ ಇಂಚಿಗೂ ಮೀರಿದ ಸಂದು. ಭಾವ ಅಳತೆಪಟ್ಟಿ ಹಿಡಿದು ಮರದ ಇಂಜಿನ್ನನ್ನು ಅಳೆದರು, ಮತ್ತೆ ಅಳೆದರು, ಆಮೇಲೆ ಅದರ ಮೇಲೆಯೇ ಕೂತರು. ಮಾವಿನ ಹಲಗೆ ಮಳೆಗಾಲದುದ್ದಕ್ಕೂ ನೀರು ಕುಡಿದು ದಪ್ಪವಾಗಿತ್ತು. ಭತ್ತ ಎಷ್ಟು ಥಂಡಿ ಹಿಡಿದಿದೆಯೆಂದು ಹಲ್ಲಿನಲ್ಲಿ ಕಚ್ಚಿ ಹೇಳುತ್ತಿದ್ದ ಗಿರಣಿಯವರಿಗೆ ಅದು ಹೊಳೆಯಲಿಲ್ಲ. ಕೆತ್ತಿದ್ದೆಲ್ಲ ಬೆಂಗಳೂರಿನ ಗಾಜಿನ ಕಪಾಟು ಸೇರುವುದರಿಂದ ಮಂಜಣ್ಣನಿಗೂ ಹೊಳೆಯಲಿಲ್ಲ. ಬೀರು ತೆರೆಯಲಾಗದೆ ಒದ್ದಾಡಿದ ನನಗಂತೂ ಹೊಳೆಯುವ ಪ್ರಶ್ನೆಯೇ ಇಲ್ಲ. ಅಕ್ಕ ಕಾಫಿ ತಂದಿಟ್ಟು, ಸಿಂಹ ಚೆನ್ನಾಗಿದೆ ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂದಿಗೆ ಕಬ್ಬಿಣದ ಪಟ್ಟಿ ತುಂಬಿ, ತಂತಿಗಳ ಜಟೆ ಬಿಡಿಸಿ, ಗೇರಿಗೂ ಚಕ್ರಕ್ಕೂ ಸಂಬಂಧ ಕುದುರಿಸಿ, ಆರ್‌ಟಿಒ ಕಚೇರಿಯಲ್ಲಿ ಹೊಸ ಇಂಜಿನ್ನಿನ ನಂಬರು ದಾಖಲಿಸುವ ಹೊತ್ತಿಗೆ ಇನ್ನೊಂದು ಬೇಸಿಗೆ ಬಂತು. ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಹಿಂದೆ ಊರಿಗೆಲ್ಲ ಕೇಳುವಂತೆ ಕೆಮ್ಮುತ್ತಿದ್ದದ್ದು ಈಗ ಬೆಕ್ಕು ಹಾಲು ಕುಡಿದಷ್ಟು ಮೆಲ್ಲಗೆ ಗುರುಗುಟ್ಟಿತು. ಭಾವನ ಕಣ್ಣಲ್ಲಿ ನೀರಾಡಿದ್ದನ್ನು ನಾನು ನೋಡಿದೆ, ನೋಡದವನಂತೆ ಟಾರ್ಚು ಆರಿಸಿದೆ.

ಆದರೆ ಅಕ್ಕ ಕೂರಲಿಲ್ಲ. ಅವಳು ಎತ್ತಿದ್ದು ಶುದ್ಧ ಕಾನೂನಿನ ಪ್ರಶ್ನೆ: ನಿಯಮ ಹಿಡಿದದ್ದು ಆ ಕಾರಿನ ಮೇಲೆ, ಇದು ಆ ಕಾರೇ ಅಲ್ಲವೇ? ನೋಡಲು ಬಂದವರಿಗೆಲ್ಲ ಭಾವ, ಇಂಜಿನ್ನು ಮಾತ್ರ ಬೇರೆ, ಕಾರು ಅದೇ, ತಂದೆ ತಂದದ್ದೇ, ಎಂದು ಎದೆಯುಬ್ಬಿಸಿ ಹೇಳುತ್ತಿದ್ದದ್ದನ್ನು ಅವಳು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದಳು. ವಿಷಯ ನನ್ನ ಮುಂದೆ ಬಂತು. ದತ್ತು ಮಗ ಬಂದ ಮಾತ್ರಕ್ಕೆ ಮನೆತನ ಬೇರೆಯಾಗುವುದಿಲ್ಲ, ಆದ್ದರಿಂದ ಕಾರು ಅದೇ ಎಂದು ಒಂದು ಅಭಿಪ್ರಾಯ ಕೊಟ್ಟೆ, ಭಾವನಿಗೆ ಸಂತೋಷವಾಯಿತು. ಅದು ಅವರದೇ ಕೇಸಿಗೆ ಮಾರಕವೆಂದು ಹೊಳೆದು, ನಂಬರೇ ಬದಲಾದ ಮೇಲೆ ಬೇರೆಯೆನ್ನಲೂ ಬರುತ್ತದೆ ಎಂದು ಇನ್ನೊಂದು ಅಭಿಪ್ರಾಯ ಕೊಟ್ಟೆ. ಅಕ್ಕ ಎರಡನ್ನೂ ತಳ್ಳಿಹಾಕಿದಳು.

"ಅದೇ ಕಾರಾದ್ರೆ ನನ್ನ ನಿಯಮಾನೂ ಅದೇ. ಬೇರೆ ಕಾರು ಅಂತ ಅವರ ಬಾಯಲ್ಲಿ ಬರ್ಲಿ, ಕೂರ್ತೀನಿ."

ಭಾವ ಕೆಲವು ದಿನ ಮಂಕಾಗಿದ್ದರು. ಊರೆಲ್ಲ ಹಾಸ್ಯ ಮಾಡಿದರೂ ತಂದೆಯ ಕಾರನ್ನು ಅದಾಗಿಯೇ ಉಳಿಸಿಕೊಂಡೆನೆಂಬುದೊಂದೇ ಅವರ ಜೀವಮಾನದ ಬಿರುದು. ಅದನ್ನು ಅವರೇ ಕಳಚಿಡಬೇಕಿತ್ತು. ಒಂದು ಬೆಳಿಗ್ಗೆ ತಿಂಡಿಯ ತಟ್ಟೆ ಮುಂದಿಟ್ಟುಕೊಂಡು, "ಇದು ಅದಲ್ಲ ವಿಮಲಾ. ಬೇರೆ ಕಾರು" ಎಂದರು. ಅಕ್ಕ ಇನ್ನೊಂದು ದೋಸೆ ಹಾಕಿ, ಭಾನುವಾರ ಹೊರಡೋಣ ಎಂದಳು.

ಹೊರಟೆವು. ನನ್ನನ್ನು ಸಾಕ್ಷಿಗೆಂದು ಹಿಂದಿನ ಸೀಟಿಗೆ ಮಡಚಿ ತುಂಬಿದರು. ಎರಡು ಬಾಗಿಲಿನ ಕಾರಿನಲ್ಲಿ ಹಿಂದೆ ಕೂತವನಿಗೆ ಸ್ವಾತಂತ್ರ್ಯವೆಂಬುದಿಲ್ಲ. ಮುಂದಿನವರು ಇಳಿದು ಸೀಟು ಬಗ್ಗಿಸಿದರೆ ಮುಕ್ತಿ. ನಗರವೆಂಬ ಊರಿನ ಕೋಟೆ ದಾಟಿ, ಹುಲಿಕಲ್ ಘಾಟಿ ಇಳಿದು, ಅದೇ ನೆಂಟರ ಮನೆಯಲ್ಲಿ ಮಕ್ಕಳು ಮೊಮ್ಮಕ್ಕಳ ಕಾಲದ ಊಟ ಮುಗಿಸಿ, ಮಧ್ಯಾಹ್ನ ಹಿಂದಿರುಗಿದೆವು. ಕಾರು ಘಾಟಿಯನ್ನು ಬಯಲೋ ಎಂಬಂತೆ ಏರುತ್ತಿತ್ತು. ಭಾವ ಸಣ್ಣಗೆ ಸಿಳ್ಳೆ ಹಾಕುತ್ತಿದ್ದರು. ನಾನು ಅಭ್ಯಾಸಬಲದಿಂದ ಬಂಗುಡೆಯ ಮಾತು ತೆಗೆದೆ. ಅಕ್ಕ ನಗಲಿಲ್ಲ. ಒಂದು ತಿರುವಿನಲ್ಲಿ, ಇಲ್ಲಿ ನಿಲ್ಲಿಸಿ ಎಂದಳು.

ಭಾವ ಕಾರನ್ನು ಬದಿಗೆ ತೆಗೆದು ಇಂಜಿನ್ನು ಆರಿಸಿದರು. ಅಕ್ಕ ಮುಂದಿನ ಗಾಜಿನಿಂದ ಕಣ್ಣು ಕೀಳದೆ ಹೇಳಿದಳು: "ಮೀನಿನ ವಾಸನೆಗೆ ಯಾರಾದ್ರೂ ನಿಯಮ ಹಿಡೀತಾರಾ? ಗುರುತಿಲ್ಲದ ಲಾರಿಗೆ ನನ್ನೊಬ್ಬಳನ್ನೇ ಹತ್ತಿಸಿ, ನೀವು ಕಾರಿನ ಹತ್ರ ನಿಂತ್ರಿ."

ಭಾವ, "ಕಾರು ಒಂದೇ ಬಿಟ್ರೆ ಯಾರಾದ್ರೂ ಕದ್ದುಗಿದ್ದರೆ ಅಂತ..." ಎಂದರು.

"ಮತ್ತೆ ನನ್ನನ್ನ?"

ಹಿಂದಿನ ಸೀಟಿನಲ್ಲಿ ಕೂತ ನಾನು ಆ ಕಥೆಯನ್ನು ಅಷ್ಟು ಪಂಕ್ತಿಗಳಲ್ಲಿ ಅಷ್ಟು ಬಗೆಯಲ್ಲಿ ಹೇಳಿದ್ದೆ. ಲಾರಿ ಹೊರಟ ಮೇಲೆ ಒಳಗೆ ಕೂತವಳ ಕಡೆಯಿಂದ ಒಮ್ಮೆಯೂ ಹೇಳಿರಲಿಲ್ಲ. ಮನಸ್ಸಿಗೆ ಕೆಟ್ಟದೆನಿಸಿತು.

ಕೆಳಗಿನ ತಿರುವಿನಲ್ಲಿ ಕುಂದಾಪುರದ ಕಡೆಯ ಬಸ್ಸು ಏದುಸಿರು ಬಿಡುತ್ತ ಹತ್ತುವುದು ಕೇಳಿಸಿತು. ಭಾವ ಕೀಲಿ ತೆಗೆದು, ಹಿಂದಕ್ಕೆ ತಿರುಗಿ, ನನ್ನ ಮಡಿಲಿಗೆ ಹಾಕಿದರು. ಇಳಿದು, ಆ ಬದಿಗೆ ಸುತ್ತಿ ಹೋಗಿ, ಅಕ್ಕನ ಬಾಗಿಲು ತೆರೆದು, ತಗ್ಗಿನ ಸೀಟಿನಿಂದ ಏಳಲು ಕೈಕೊಟ್ಟರು. ಅವಳು ಇಳಿದಳು. ಭಾವ ರಸ್ತೆಯ ನಡುವೆ ನಿಂತು ಕೈ ಅಡ್ಡ ಹಿಡಿದರು, ಬಸ್ಸು ನಿಂತಿತು. ಮೆಟ್ಟಿಲ ಬಳಿ ಅಕ್ಕ ಕಂಬಿ ಹಿಡಿದು ಅರೆಗಳಿಗೆ ನಿಂತಾಗ ಅವರೂ ಹಿಂದೆ ನಿಂತರು, ಅವಳು ಹತ್ತಿದ ಮೇಲೆ ಹತ್ತಿದರು. ಕಾರಿನ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಡ್ರೈವಿಂಗ್ ಬಾರದ ನಾನು ಮುಂದಿನ ಸೀಟುಗಳ ಮೇಲಿಂದ ತೆವಳಿ ಹೊರಬಂದು, ಕೀಲಿ ಹಿಡಿದು, ತಡೆಗೋಡೆಯ ಮೇಲೆ ಕೂತೆ. ಅಕ್ಕನನ್ನು ಹೊಸನಗರದಲ್ಲಿ ಬಿಟ್ಟು, ಕಾರು ಒಯ್ಯಲು ಭಾವ ಒಬ್ಬರೇ ಹಿಂದಿರುಗುತ್ತಾರೆಂದು ಲೆಕ್ಕ ಹಾಕಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಮೇಲಿನಿಂದ ಬಂದ ಬಸ್ಸು ತಿರುವಿನಲ್ಲಿ ನಿಂತಿತು. ಮೊದಲು ಭಾವ ಇಳಿದು ಮೇಲಕ್ಕೆ ಕೈ ಚಾಚಿದರು, ಆ ಕೈ ಹಿಡಿದುಕೊಂಡು ಅಕ್ಕ ಇಳಿದಳು.