ಕಾಣದ ಗೋಡೆ

ಅಂಗಾತ ಈಜುವ ಬ್ಯಾಕ್‌ಸ್ಟ್ರೋಕ್‌ನಲ್ಲಿ ಮುಂದಿದ್ದ ಗುಂಡ್ಲುಪೇಟೆಯ ಹುಡುಗಿ ಕೊಳದ ಗೋಡೆ ಇನ್ನೂ ದೂರವಿರುವಾಗಲೇ ಬೋರಲಾಗಿ ಮಗುಚಿ, ಕಾಲು ಬಡಿಯುತ್ತ ಗೋಡೆಯವರೆಗೆ ಸಾಗಿ ತಿರುಗಿದಳು. ಎರಡು ಸಲ ಬಡಿದಳೋ ಮೂರೋ, ಈಗ ಆಣೆ ಮಾಡಲಾರೆ. ಮಗುಚಿದ ಕೂಡಲೇ ತಿರುಗಬೇಕೆಂಬುದು ನಿಯಮ. ಚಾಮರಾಜನಗರದ ಆ ಸ್ಪರ್ಧೆಗೆ ತೀರ್ಪುಗಾರನಾಗಿದ್ದ ನಾನು ಅವಳನ್ನು ಔಟ್ ಮಾಡಿದೆ.

“ಬೆನ್ನಿಂದೆ ಗೋಡೆ ಕಾಣಕಿಲ್ಲ ಸಾ, ಇದ್ಯಾವ ನ್ಯಾಯ?” ಎಂದು ಅತ್ತಳು.

ತೋಟದ ಬಾವಿಯಲ್ಲಿ ಅವಳಿಗೆ ಈಜು ಕಲಿಸಿದ ಅಜ್ಜಿ ಎದ್ದು ಬಂದರು. ಜಗಳಕ್ಕೆಂದುಕೊಂಡೆ. ಅವರು ಸೀರೆಯಲ್ಲೇ ನೀರಿಗಿಳಿದು, ಕಣ್ಣು ಮುಚ್ಚಿ ಅಂಗಾತ ಈಜಿ, ಗೋಡೆಗೆ ಗೇಣು ದೂರದಲ್ಲಿ ನಿಂತುಬಿಟ್ಟರು!

“ಕಾಣೋದ್ಯಾಕಮ್ಮಿ? ಗೋಡೆಗೆ ಬಡ್ದ ನೀರು ವಾಪಸ್ ಬಂದು ಕಿವಿ ಮುಟ್ಟಕಿಲ್ವಾ? ಅವ್ರು ಮಾಡಿದ್ದು ಸರಿ ಕಣಮ್ಮಿ.”

ತೀರ್ಪು ಬದಲಾಗಲಿಲ್ಲ. ಸಂಜೆ ನಾನೂ ಕಣ್ಣು ಮುಚ್ಚಿ ಅಂಗಾತ ಈಜಿದೆ. ಕಿವಿಗೇನೂ ತಿಳಿಯಲಿಲ್ಲ, ತಲೆ ಗೋಡೆಗೆ ಬಡಿಯಿತು. ಆ ಹುಡುಗಿಯಿಂದ ನಾನು ಎಷ್ಟು ಕಷ್ಟದ್ದನ್ನು ಬಯಸಿದ್ದೆನೆಂದು ಆಗ ಗೊತ್ತಾಯಿತು.