ಸಾಕಾಗದೆ, ಮೇಡಂ

ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಮೊಬೈಲು ಟಣ್ ಎಂದಿತು. ಸೊನೆ ಅಂಟಿದ ಬೆರಳಲ್ಲಿ ಒತ್ತಿದರೆ ಅದು ತೆರೆದುಕೊಳ್ಳಬೇಕಲ್ಲ! ಸೆರಗಿಗೆ ಒರೆಸಿಕೊಂಡು ನೋಡಿದೆ. ಮಗಳ ಮೆಸೇಜು, ಎರಡೇ ಪದ: 'ಸಾಕಾಗದೆ ಅಮ್ಮ.' ಅವಳು ದಿನಾ ನಂಜನಗೂಡಿನಿಂದ ರೈಲು ಹತ್ತಿ ಮೈಸೂರಿಗೆ ಹೋಗಿ, ಮಧ್ಯಾಹ್ನದವರೆಗೆ ಕಾಲೇಜು, ಆಮೇಲೆ ಒಂದು ಲ್ಯಾಬಿನಲ್ಲಿ ಕೆಲಸ ಮುಗಿಸಿ, ರಾತ್ರಿಯ ಕೊನೆಯ ರೈಲಿಗೆ ವಾಪಸು ಬರುವವಳು. ಅವಳ ಗೆಳತಿಯರು ಇದನ್ನು ಬರ್ನ್ ಔಟ್ ಅನ್ನುತ್ತಾರಂತೆ. ನಮ್ಮ ಮನೆಯಲ್ಲಿ ಮೊದಲಿಂದಲೂ ಸಾಕಾಗದೆ ಎಂಬುದೇ ಪದ. ಈ ಪದ ನನ್ನನ್ನು ಒಮ್ಮೆ ಚೆನ್ನಾಗಿ ಆಟ ಆಡಿಸಿದೆ. ಪುರುಸೊತ್ತಿದ್ದರೆ ಹೇಳುತ್ತೇನೆ, ಕಾಯಿ ಇನ್ನೂ ರಾಶಿ ಇದೆ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಆಗ ತಿ. ನರಸೀಪುರದಲ್ಲಿತ್ತು. ಅಪ್ಪ ಹಾಸಿಗೆ ಹಿಡಿದಿದ್ದರು, ನನ್ನ ಸಂಬಳ ಮನೆಗೆ ಬೇಕಿತ್ತು. ಕೆಲಸ ಸಿಕ್ಕಿದ್ದು ನಂಜನಗೂಡು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಜೆರಾಕ್ಸ್ ಅಂಗಡಿಯಲ್ಲಿ. ಹಾಗಾಗಿ ಕಾಲೇಜನ್ನೂ ಅಲ್ಲೇ ಸೇರಿದೆ. ಬೆಳಿಗ್ಗೆ ಮೊದಲ ಬಸ್ಸು, ಮಧ್ಯಾಹ್ನದವರೆಗೆ ಬಿ.ಎ., ಕತ್ತಲಾಗುವವರೆಗೆ ಜೆರಾಕ್ಸು, ಮತ್ತೆ ಬಸ್ಸು. ಬಸ್ಸಲ್ಲಿ ಓದುತ್ತೇನೆ ಅಂತ ದೊಡ್ಡದಾಗಿ ಹೇಳಿಕೊಂಡಿದ್ದೆ. ಸುತ್ತೂರಿನಲ್ಲಿ ಸ್ಕೂಲು ಮಕ್ಕಳು ಇಳಿದು ಸೀಟು ಖಾಲಿಯಾಗುತ್ತಿತ್ತು, ನಿಜ. ಆದರೆ ಕೂತ ಕೂಡಲೇ ಓದುವ ಕಣ್ಣು ಎಲ್ಲಿರುತ್ತದೆ? ಪಕ್ಕದ ಹೆಂಗಸರ ಹೆಗಲೆಲ್ಲ ನನ್ನ ದಿಂಬೇ. ಪುಣ್ಯಾತ್ಗಿತ್ತಿಯರು, ಒಬ್ಬರೂ ಬೈಯಲಿಲ್ಲ.

ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ನನಗೆ ಏನೋ ಆಗಿತ್ತು. ಜ್ವರವಲ್ಲ, ನೋವಲ್ಲ. ಯಾರಾದರೂ ಮಾತಾಡಿಸಿದರೆ ಅಳು ಬರುತ್ತಿತ್ತು, ಮಾತಾಡಿಸದಿದ್ದರೆ ಸಿಟ್ಟು. ಅವ್ವ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲವೆಂದು ಅವಳಿಗೆ ಸಮಾಧಾನವಾಯಿತು. ನನಗೇನೂ ಗುಣ ಕಾಣಲಿಲ್ಲ.

ಒಂದು ದಿನ ಬಸ್ಸು ನಂಜನಗೂಡಿಗೆ ಬಂದು ನಿಂತಿತು. ಎಲ್ಲರೂ ಇಳಿದರು. ನಾನು ಏಳಲಿಲ್ಲ. ನಿದ್ದೆ ಬಂದಿತ್ತು ಅಂದುಕೊಳ್ಳಬೇಡಿ, ಪೂರ್ತಿ ಎಚ್ಚರವಿತ್ತು. ಏಳು ಅಂತ ಕಾಲಿಗೆ ಹೇಳಿದರೆ ಕಾಲು ಕೇಳಲಿಲ್ಲ, ಅಷ್ಟೇ.

"ಇಳಿಯಕ್ಕಿಲ್ವೇನವ್ವ?" ಎಂದ ಕಂಡಕ್ಟರ್.

"ಇಲ್ಲ ಕಣಣ್ಣ. ವಾಪಸ್ ಓಯ್ತೀನಿ."

ಅವನು ನನ್ನ ಮುಖ ನೋಡಿ ಸುಮ್ಮನೆ ಟಿಕೆಟ್ ಹರಿದುಕೊಟ್ಟ. ಅದೇ ಸೀಟಿನಲ್ಲಿ, ಅದೇ ಕಿಟಕಿಯಲ್ಲಿ, ಬಂದ ದಾರಿಯನ್ನೇ ಹಿಂದುಮುಂದಾಗಿ ನೋಡುತ್ತಾ ಊರಿಗೆ ಹೋದೆ. ಕೆಲಸ ಬಿಡುವಂತಿಲ್ಲ, ಕಾಲೇಜನ್ನೇ ಬಿಡಬೇಕು ಎಂದು ದಾರಿಯಲ್ಲೇ ತೀರ್ಮಾನವಾಯಿತು.

ಮಾರನೆಯ ದಿನ ಅರ್ಥಶಾಸ್ತ್ರದ ಮೇಡಂ ಹತ್ತಿರ ಹೋದೆ. ಅವರು ಕರಾವಳಿ ಕಡೆಯವರು, ಅಚ್ಚು ಹಾಕಿದಂಥ ಕನ್ನಡ. ಕಾಲೇಜು ಬಿಡುತ್ತೇನೆ ಎನ್ನಲು ಹೋದವಳಿಗೆ ಬಾಯಿಗೆ ಬಂದದ್ದು ಇಷ್ಟೇ: "ಸಾಕಾಗದೆ, ಮೇಡಂ."

ನಮ್ಮ ಕಡೆ ಸಾಕಾಗದೆ ಅಂದರೆ ಸಾಕಾಗಿ ಹೋಗಿದೆ, ಇನ್ನು ನನ್ನ ಕೈಲಾಗದು. ಅವರ ಕನ್ನಡದಲ್ಲಿ ಸಾಕಾಗದೆ ಅಂದರೆ ಕಮ್ಮಿ ಬಿದ್ದು, ಇನ್ನೂ ಬೇಕಾಗಿ! ಅರ್ಥಶಾಸ್ತ್ರದವರಿಗೆ ನನ್ನ ಅರ್ಥ ಸಿಕ್ಕಲಿಲ್ಲ ನೋಡಿ. ಅವರ ಮುಖ ಅರಳಿತು. ಕ್ಲಾಸಿನ ನೋಟ್ಸು ಸಾಲದು ಎಂದ ಮೊದಲ ಹುಡುಗಿ ನೀನೇ ಎಂದು ಬೆನ್ನು ತಟ್ಟಿ, ಇಟ್ಟಿಗೆ ಗಾತ್ರದ ಎರಡು ಪುಸ್ತಕ ಕೈಗಿಟ್ಟರು. ಥ್ಯಾಂಕ್ಸ್ ಹೇಳಿ ಹೊತ್ತುಕೊಂಡು ಬಂದೆ. ಅಂದು ಸಂಜೆ ಬಸ್ಸಲ್ಲಿ ಆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅತ್ತಿದ್ದೇನೆ.

ವಾರ ಕಳೆದು ಮೇಡಂ ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದರು, ಈಗ ಸಾಕಾಯಿತಾ, ಇನ್ನೊಂದು ಕೊಡಲಾ ಎಂದು. ನನಗೆ ನಗು ಬಂತು. ನಗು ಅಳುವಾಯಿತು. ಬಿಕ್ಕುತ್ತಲೇ ಎಲ್ಲ ಬಿಡಿಸಿ ಹೇಳಿದೆ, ನಮ್ಮೂರ ವ್ಯಾಕರಣ ಸಮೇತ. ಅವರು ಹಣೆ ಬಡಿದುಕೊಂಡರು.

"ಸಾಕಾದದ್ದು ಗೊತ್ತಾಯ್ತು ಮಾರಾಯ್ತಿ. ಸಾಕಾಗದೇ ಇರುವುದು ಯಾವುದು? ಅದನ್ನು ಹೇಳು."

ಇದನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. "ನಿದ್ದೆ" ಅಂದೆ. ಆ ಪದ ಬಾಯಿಗೆ ಬಂದದ್ದೇ ಮೈ ಹಗುರಾಯಿತು.

ಮೊದಲ ಪೀರಿಯಡ್ ಅವರದೇ. ಹಿಂದಿನ ಬೆಂಚಿನಲ್ಲಿ ಮಲಗು, ಹಾಜರಿ ಕೂಗುವಾಗ ಎಚ್ಚರ ಇದ್ದರೆ ಸಾಕು ಎಂದರು. ಹಾಗೆ ಆ ವರ್ಷವೆಲ್ಲ ಅವರದೇ ಪುಸ್ತಕಗಳ ಮೇಲೆ ತಲೆಯಿಟ್ಟು ಮಲಗಿದೆ. ಕೆಲಸ ಹಗುರಾಗಲಿಲ್ಲ, ದಾರಿ ಕಮ್ಮಿಯಾಗಲಿಲ್ಲ. ಆದರೆ ಬಸ್ಸು ನಿಂತಾಗ ಕಾಲು ಎದ್ದವು. ಪಾಸಾದೆ. ಅರ್ಥಶಾಸ್ತ್ರದಲ್ಲೇ ಎಲ್ಲಕ್ಕಿಂತ ಕಮ್ಮಿ ನಂಬರು ಬಂತು. ಮೇಡಂ ಅದನ್ನು ಹೇಳಿಕೊಂಡು ನಕ್ಕರು.

ಇಷ್ಟೆಲ್ಲ ಅನುಭವ ಇದ್ದವಳು ಮಗಳ ಮೆಸೇಜಿಗೆ ಏನು ಉತ್ತರ ಬರೆದಿದ್ದೆ ಗೊತ್ತೇ? 'ಬಂದು ಮಲಕ್ಕೊ, ಸರಿಹೋಗುತ್ತೆ.' ನನಗೆ ಆದದ್ದೇ ಅವಳಿಗೂ ಔಷಧಿ ಎಂಬ ಧೈರ್ಯ. ಒಂದು ವರ್ಷದಿಂದ ಅವಳ ತಟ್ಟೆ ಮುಚ್ಚಿಟ್ಟು, ಬಂದು ಉಂಡು ಮಲಗಲಿ, ಮಾತಾಡಿಸಿ ತೊಂದರೆ ಕೊಡಬಾರದು ಎಂದು ನಾನು ಮೊದಲೇ ಮಲಗಿಬಿಡುತ್ತೇನೆ. ಬರೆದದ್ದನ್ನು ಕಳಿಸುವ ಮುಂಚೆ ಮೇಡಂ ನೆನಪಾದರು. ಅಳಿಸಿ, ಫೋನೇ ಮಾಡಿದೆ.

"ಯಾವುದು ಸಾಕಾಗ್ತಿಲ್ಲ ಮಗಾ?"

ಆ ಕಡೆ ಅವಳ ರೈಲು ತಡವೆಂಬ ಅನೌನ್ಸ್‌ಮೆಂಟ್ ಕೇಳುತ್ತಿತ್ತು. ನಿದ್ದೆ ಅನ್ನುತ್ತಾಳೆಂದು ಕಾದೆ.

"ನೀನೇ ಕಣಮ್ಮ," ಎಂದಳು. "ಒಂದೇ ಮನೇಲಿದ್ದೀವಿ. ನಿನ್ ಜೊತೆ ಕೂತು ಉಂಡು ಎಷ್ಟ್ ದಿನ ಆಯ್ತು?"

ಅವರೆಕಾಳು ಒಲೆಯ ಮೇಲಿದೆ. ಬೇಯಲಿ, ಸಾರು ಮಾಡಿ ಡಬ್ಬಿಗೆ ಹಾಕಿಕೊಂಡು ಸ್ಟೇಷನ್ನಿಗೇ ಹೋಗುತ್ತೇನೆ. ಪ್ಲಾಟ್‌ಫಾರಂ ಬೆಂಚಿನ ಮೇಲೆ ಇಬ್ಬರು ಕೂತು ಉಣ್ಣುವಷ್ಟು ಜಾಗ ಇದೆ.